ಕಣದಲ್ಲಿ ಒಬ್ಬನೇ

ಕೋಲಾರ ತಾಲೂಕಿನ ಹುತ್ತೂರಿನಂಥ ಊರುಗಳಲ್ಲಿ ಟೆನಿಸ್ ಚೆಂಡನ್ನು ಅರಿಯದ ಹುಡುಗನಿಲ್ಲ. ಟೆನಿಸ್ ಆಟವನ್ನು ಕಣ್ಣಾರೆ ಕಂಡ ಹುಡುಗ ಮಾತ್ರ ಅಪರೂಪ. ರಾಗಿಯ ಕೊಯ್ಲು ಮುಗಿದ ಹೊಲದಲ್ಲಿ, ನೀರು ಬತ್ತಿದ ಕೆರೆಯಂಗಳದಲ್ಲಿ, ಶಾಲೆಯ ಮುಂದಣ ಬಯಲಿನಲ್ಲಿ ಆ ಹಳದಿಯ ಚೆಂಡು ಕ್ರಿಕೆಟ್ಟಿನ ದಾಂಡಿಗೆ ಸಿಕ್ಕಿ ಹಾರುತ್ತದೆ. ಅದು ಯಾವ ಆಟಕ್ಕಾಗಿ ಹುಟ್ಟಿತೋ ಆ ಆಟ ಅಲ್ಲಿಗೆ ಬಂದಿಲ್ಲ. ಚೆಂಡು ಮಾತ್ರ ಬಂದಿದೆ. ಹೆಸರು ಬಂದು ವಸ್ತು ಬಾರದಿರುವುದು ನಮ್ಮ ನಾಡಿನಲ್ಲಿ ಹೊಸ ಸಂಗತಿಯೇನಲ್ಲ. ಆದರೆ ಈ ಒಂದು ಚೆಂಡಿನ ವಿಷಯದಲ್ಲಿ ಅದನ್ನು ಕುರಿತು ಸ್ವಲ್ಪ ಯೋಚಿಸುವುದು ವ್ಯರ್ಥವಾಗಲಾರದು. ಏಕೆಂದರೆ ಕೋಲಾರದಿಂದ ಸುಮಾರು ಎಪ್ಪತ್ತು ಕಿಲೋಮೀಟರಿನ ದೂರದಲ್ಲಿ, ಬೆಂಗಳೂರಿನ ಕಬ್ಬನ್ ಉದ್ಯಾನದ ಮರಗಳ ನಡುವೆ, ಇದೇ ಚೆಂಡನ್ನು ನಂಬಿ ಬದುಕುವ ತರುಣರು ದೇಶದೇಶಗಳಿಂದ ಬಂದು ಕೂಡುತ್ತಾರೆ. ಆ ಕೂಟಕ್ಕೆ 'ಬೆಂಗಳೂರು ಓಪನ್' ಎಂದು ಹೆಸರು. ಅದರ ಪುರುಷರ ಸಿಂಗಲ್ಸ್ ಸ್ಪರ್ಧೆಯೇ ಈ ಲೇಖನದ ವಿಷಯ.

'ಸಿಂಗಲ್ಸ್' ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಆಡುವವರು ಇಬ್ಬರಿದ್ದರೂ ಅದನ್ನು ಒಬ್ಬೊಬ್ಬರ ಆಟವೆಂದು ಕರೆಯುವುದರಲ್ಲಿ ಒಂದು ಸತ್ಯವುಂಟು. ಬಲೆಯ ಆಚೆಗಿರುವವನು ಜೊತೆಗಾರನಲ್ಲ. ಈಚೆಗಿರುವವನಿಗೆ ಜೊತೆಗಾರನೇ ಇಲ್ಲ. ನಮ್ಮ ಹಳಗನ್ನಡಕ್ಕೆ ಈ ಬಗೆಯ ಹೋರಾಟ ಅಪರಿಚಿತವಾಗಿರಲಿಲ್ಲ. 'ಅಂಕ' ಎಂದರೆ ಒಬ್ಬನಿಗೆ ಒಬ್ಬನು ಇದಿರಾಗಿ ನಿಲ್ಲುವ ಕಾಳಗ; ಹಾಗೆ ನಿಲ್ಲುವ ವೀರನು 'ಅಂಕಕಾರ'. ತುಳುನಾಡಿನ ಕೋಳಿ ಅಂಕದಲ್ಲಿ ಆ ಪದ ಇಂದಿಗೂ ಉಳಿದಿದೆ. ಪರೀಕ್ಷೆಯ ಗುಣವೂ ಅಂಕವೇ, ನಾಟಕದ ಭಾಗವೂ ಅಂಕವೇ. ಟೆನಿಸ್ ಆಡುವ ಜಾಗವನ್ನು ನಮ್ಮ ಪತ್ರಿಕೆಗಳು 'ಅಂಕಣ'ವೆಂದು ಕರೆಯುತ್ತವೆ. ಕಾಳಗ, ಗುಣ, ನಾಟಕ ಈ ಮೂರೂ ಒಂದೇ ಆಟದಲ್ಲಿ ಸೇರಿರುವುದನ್ನು ನೋಡಿದರೆ, ಭಾಷೆ ನಮಗಿಂತ ಮೊದಲೇ ಈ ಆಟಕ್ಕೆ ಸಿದ್ಧವಾಗಿ ಕಾದಿತ್ತೇನೋ ಎನಿಸುತ್ತದೆ.

ಅಂಕಣದ ಅಳತೆ ದೊಡ್ಡದಲ್ಲ. ಸಿಂಗಲ್ಸ್ ಆಟಕ್ಕೆ ಉದ್ದ ೭೮ ಅಡಿ, ಅಗಲ ೨೭ ಅಡಿ. ನಡುವೆ ಮೂರಡಿ ಎತ್ತರದ ಬಲೆ. ಡಬಲ್ಸ್ ಆಟಕ್ಕೆ ಅಗಲ ೩೬ ಅಡಿಗೆ ಹಿಗ್ಗುತ್ತದೆ. ನಮ್ಮ ಕಡೆಯ ಒಂದು ರಾಗಿಯ ಕಣಕ್ಕಿಂತ ಬಹಳ ದೊಡ್ಡದಲ್ಲದ ಈ ಜಾಗದಲ್ಲಿ ಒಬ್ಬ ಮನುಷ್ಯನು ಎರಡು ಮೂರು ಗಂಟೆಗಳ ಕಾಲ ತನ್ನ ದೇಹವನ್ನೂ ಬುದ್ಧಿಯನ್ನೂ ತಾನೇ ಆಳಿಕೊಳ್ಳಬೇಕು. ಒಂದು ಪಾಯಿಂಟಿಗೂ ಇನ್ನೊಂದಕ್ಕೂ ನಡುವೆ ೨೫ ಸೆಕೆಂಡುಗಳ ಬಿಡುವು. ಬದಿ ಬದಲಿಸುವಾಗ ಒಂದೂವರೆ ನಿಮಿಷದ ವಿಶ್ರಾಂತಿ. ಅಂಕಣದ ಹೊರಗಿನಿಂದ ತರಬೇತುದಾರನು ಸಲಹೆ ಹೇಳಬಹುದೆಂಬ ನಿಯಮ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ ನಿಯಮಾವಳಿಯಲ್ಲಿ ಸೇರಿದ್ದು ೨೦೨೫ರಲ್ಲಿ. ಅದಕ್ಕೆ ಮೊದಲು ಬಹುಕಾಲ ಆಟಗಾರನಿಗೆ ಅಷ್ಟು ಮಾತಿನ ಆಸರೆಯೂ ಇರಲಿಲ್ಲ. ಇಂದಿಗೂ ಆ ಸಲಹೆಯನ್ನು ಪಡೆಯಬಲ್ಲವನು ತರಬೇತುದಾರನನ್ನು ಜೊತೆಯಲ್ಲಿ ಕರೆತರುವ ಶಕ್ತಿಯುಳ್ಳವನು ಮಾತ್ರ. ಈ ಶಕ್ತಿಯ ಮಾತಿಗೆ ಮುಂದೆ ಬರೋಣ.

ಕಬ್ಬನ್ ಉದ್ಯಾನ ೧೮೭೦ರಲ್ಲಿ ರೂಪುಗೊಂಡದ್ದು. ಅದರೊಳಗಿನ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಕ್ರೀಡಾಂಗಣ ನಾಡಿನ ಟೆನಿಸ್ ಆಟದ ತವರೆಂದರೆ ತಪ್ಪಾಗದು. ಮುಖ್ಯಮಂತ್ರಿಗಳಾಗಿದ್ದ ಎಸ್. ಎಂ. ಕೃಷ್ಣ ಅವರು ಬಹು ವರ್ಷ ಈ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಇಲ್ಲಿಯೇ ೨೦೦೬ರಿಂದ ಮೂರು ವರ್ಷ ಮಹಿಳೆಯರ ವಿಶ್ವಮಟ್ಟದ ಟೂರ್ನಿ ನಡೆಯಿತು. ೨೦೦೮ರಲ್ಲಿ ಸೆರೆನಾ ವಿಲಿಯಮ್ಸ್ ಅವರು ಇಲ್ಲಿ ಗೆದ್ದು ಹೋದರು. ಪುರುಷರ ಟೂರ್ನಿಯೊಂದು ಅದೇ ವರ್ಷ ಮುಂಬಯಿಯಿಂದ ಬೆಂಗಳೂರಿಗೆ ಬರಬೇಕಿತ್ತು. ಜುಲೈ ತಿಂಗಳಿನಲ್ಲಿ ನಗರದಲ್ಲಿ ಬಾಂಬುಗಳು ಸ್ಫೋಟಿಸಿದವು. ಭದ್ರತೆಯ ಆತಂಕದಿಂದ ಆ ಟೂರ್ನಿ ರದ್ದಾಯಿತು. ಆಟ ಎಂಬುದು ಲೋಕದ ವ್ಯವಹಾರಗಳಿಂದ ಬೇರೆಯಾಗಿ ಎಲ್ಲಿಯೋ ನಡೆಯುವ ಲೀಲೆಯಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

೨೦೧೪ರ ಸೆಪ್ಟೆಂಬರಿನಲ್ಲಿ ಇದೇ ಅಂಕಣದಲ್ಲಿ ಭಾರತವು ಡೇವಿಸ್ ಕಪ್ ಪಂದ್ಯದಲ್ಲಿ ಸರ್ಬಿಯಾವನ್ನು ಎದುರಿಸಿತು. ಲಿಯಾಂಡರ್ ಪೇಸ್ ಮತ್ತು ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರು ಮೊದಲೆರಡು ಸೆಟ್ಟುಗಳನ್ನು ಕಳೆದುಕೊಂಡಿದ್ದರೂ ಉಳಿದ ಮೂರನ್ನು ಗೆದ್ದು ಡಬಲ್ಸ್ ಪಂದ್ಯವನ್ನು ಉಳಿಸಿದರು. ಆದರೆ ನಿರ್ಣಾಯಕವಾದ ಕೊನೆಯ ಸಿಂಗಲ್ಸ್‌ನಲ್ಲಿ ಭಾರತ ಸೋತಿತು. ಪಂದ್ಯ ೨–೩ರಿಂದ ಕೈಬಿಟ್ಟಿತು. ಇಬ್ಬರು ಕೂಡಿ ಆಡುವಾಗ ನಮ್ಮವರು ಲೋಕಕ್ಕೆ ಸಮನಾಗಿ ನಿಲ್ಲುತ್ತಾರೆ. ಒಬ್ಬೊಬ್ಬರೇ ನಿಂತಾಗ ಹಿಂದೆ ಬೀಳುತ್ತಾರೆ. ಇದು ಆ ಒಂದು ದಿನದ ಕತೆಯಲ್ಲ. ಹಲವು ವರ್ಷಗಳ ಭಾರತೀಯ ಟೆನಿಸ್ಸಿನ ಸಾರಾಂಶವೇ ಅದು. ೧೯೬೦ ಮತ್ತು ೧೯೬೧ರಲ್ಲಿ ರಾಮನಾಥನ್ ಕೃಷ್ಣನ್ ಅವರು ವಿಂಬಲ್ಡನ್ನಿನ ಸಿಂಗಲ್ಸ್ ಸೆಮಿಫೈನಲ್ ತಲಪಿದ್ದರು. ಅಷ್ಟು ಎತ್ತರಕ್ಕೆ ಸಿಂಗಲ್ಸ್‌ನಲ್ಲಿ ಏರಿದ ಭಾರತೀಯ ಪುರುಷರು ಆ ಬಳಿಕ ಬಂದಿಲ್ಲ. ಡಬಲ್ಸ್‌ನಲ್ಲಾದರೋ ಪೇಸ್, ಮಹೇಶ್ ಭೂಪತಿ, ಬೋಪಣ್ಣ ಇವರ ಕೀರ್ತಿ ಜಗತ್ತಿಗೇ ತಿಳಿದದ್ದು. ೨೦೨೪ರಲ್ಲಿ, ತಮ್ಮ ೪೩ನೆಯ ವಯಸ್ಸಿನಲ್ಲಿ, ಬೋಪಣ್ಣ ಅವರು ಮ್ಯಾಥ್ಯೂ ಎಬ್ಡೆನ್ ಅವರೊಡನೆ ಆಸ್ಟ್ರೇಲಿಯನ್ ಓಪನ್ ಗೆದ್ದು ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದರು. ಅದೇ ಬೋಪಣ್ಣ ಅವರು ಸಿಂಗಲ್ಸ್‌ನಲ್ಲಿ ಏರಿದ್ದ ಅತ್ಯುಚ್ಚ ಸ್ಥಾನ ೨೧೩ನೆಯದು. ಪ್ರತಿಭೆಯ ಕೊರತೆಯಿಂದ ಹೀಗಾಯಿತೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು.

ಹಾಗಾದರೆ ಒಬ್ಬನೇ ಆಡುವ ದಾರಿ ಏಕಿಷ್ಟು ಕಠಿನ? ಇದಕ್ಕೆ ಉತ್ತರ ಬೇಕಾದರೆ ವಿಂಬಲ್ಡನ್ನಿನ ಹಸಿರು ಹುಲ್ಲನ್ನು ನೋಡಿ ಪ್ರಯೋಜನವಿಲ್ಲ. ಬೆಂಗಳೂರು ಓಪನ್ನಿನಂಥ ನಡುಮೆಟ್ಟಿಲಿನ ಟೂರ್ನಿಯನ್ನು ನೋಡಬೇಕು.

ವೃತ್ತಿಪರ ಟೆನಿಸ್ ಒಂದು ನಿಚ್ಚಣಿಕೆ. ಅದರ ತುದಿಯಲ್ಲಿ ನಾಲ್ಕು ಗ್ರ್ಯಾಂಡ್ ಸ್ಲಾಮ್ ಟೂರ್ನಿಗಳು. ಅಲ್ಲಿ ಗೆದ್ದವನಿಗೆ ೨,೦೦೦ ಅಂಕ. ಅದರ ಕೆಳಗೆ ಎಟಿಪಿ ಪ್ರವಾಸದ ಟೂರ್ನಿಗಳು. ಅವುಗಳಲ್ಲಿ ಅತಿ ಚಿಕ್ಕದರಲ್ಲಿ ಗೆದ್ದವನಿಗೆ ೨೫೦. ಅದಕ್ಕೂ ಕೆಳಗಿನದು ಚಾಲೆಂಜರ್ ವರ್ಗ. ಇಲ್ಲಿ ಟೂರ್ನಿಯ ತರಗತಿಗೆ ತಕ್ಕಂತೆ ೫೦ರಿಂದ ೧೭೫ರವರೆಗೆ ಅಂಕ. ಬೆಂಗಳೂರು ಓಪನ್ ಈ ಚಾಲೆಂಜರ್ ವರ್ಗಕ್ಕೆ ಸೇರಿದ್ದು. ಚೆನ್ನೈಯಲ್ಲಿ ಬಹುಕಾಲ ನಡೆದು, ೨೦೧೮ರಲ್ಲಿ ಪುಣೆಗೆ ಹೋದ ೨೫೦ರ ವರ್ಗದ ಟೂರ್ನಿಯೂ ೨೦೨೩ರ ಬಳಿಕ ನಿಂತುಹೋದುದರಿಂದ, ದೇಶದೊಳಗಿನ ಚಾಲೆಂಜರುಗಳಿಗೆ ಇಮ್ಮಡಿ ಮಹತ್ವ ಬಂದಿದೆ.

ಗಳಿಸಿದ ಅಂಕ ಒಂದು ವರ್ಷ ಮಾತ್ರ ಲೆಕ್ಕಕ್ಕೆ ನಿಲ್ಲುತ್ತದೆ. ಐವತ್ತೆರಡು ವಾರ ಕಳೆದೊಡನೆ ಅದು ಅಳಿಸಿಹೋಗುತ್ತದೆ. ಮತ್ತೆ ಅಷ್ಟನ್ನು ದುಡಿಯದಿದ್ದರೆ ಆಟಗಾರ ಕೆಳಗೆ ಜಾರುತ್ತಾನೆ. ಕೋಲಾರ ಜಿಲ್ಲೆಯ ರೈತನಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಹೋದ ವರ್ಷದ ಕಣ ಈ ವರ್ಷದ ಕಣಜವನ್ನು ತುಂಬದೆಂಬುದು ಅವನಿಗೆ ತಿಳಿದ ಮಾತು. ಒಂದು ಬೆಳೆಯಲ್ಲಿ ಟೊಮ್ಯಾಟೊ ಕೈಹಿಡಿದು ಮನೆ ಕಟ್ಟಿಸಿದವನು, ಮರುಬೆಳೆಯಲ್ಲಿ ಅದೇ ಹಣ್ಣನ್ನು ಮಾರುಕಟ್ಟೆಗೆ ಸಾಗಿಸುವ ಬಾಡಿಗೆಯೂ ಹುಟ್ಟದೆ ರಸ್ತೆಬದಿಗೆ ಸುರಿಯುವುದನ್ನು ನಾವು ಕಂಡಿದ್ದೇವೆ. ಟೆನಿಸ್ ಆಟಗಾರನ ಬಾಳು ಇದಕ್ಕೆ ಸಮೀಪವಾದದ್ದು. ಅವನೂ ನೀರಿಲ್ಲದ ಸೀಮೆಯ ಬೇಸಾಯಗಾರನೇ.

ಟೂರ್ನಿಯ ಮುಖ್ಯ ಸುತ್ತಿನಲ್ಲಿ ೩೨ ಮಂದಿ. ಹೆಚ್ಚಿನವರು ಶ್ರೇಣಿಯ ಬಲದಿಂದ ಬಂದವರು. ಕೆಲವರು ಅರ್ಹತಾ ಸುತ್ತುಗಳಲ್ಲಿ ಗೆದ್ದು ಬಂದವರು. ಒಂದಿಬ್ಬರು ಮೂವರು ಸಂಘಟಕರು ಕೊಡುವ ವೈಲ್ಡ್ ಕಾರ್ಡಿನಿಂದ ಪ್ರವೇಶ ಪಡೆದವರು. ಮೈಸೂರಿನ ಎಸ್. ಡಿ. ಪ್ರಜ್ವಲ್ ದೇವ್ ಅವರಂಥ ನಮ್ಮ ನಾಡಿನ ತರುಣರಿಗೆ ಮನೆಯ ಬಾಗಿಲಲ್ಲೇ ಲೋಕದ ಆಟಗಾರರನ್ನು ಎದುರಿಸುವ ಅವಕಾಶ ದೊರೆಯುವುದು ಇಂಥ ಟೂರ್ನಿಯಿಂದಲೇ. ಮೊದಲ ಸುತ್ತು ಮುಗಿಯುವಷ್ಟರಲ್ಲಿ ೧೬ ಮಂದಿ ಗಂಟು ಕಟ್ಟುತ್ತಾರೆ. ಆಮೇಲೆ ಎಂಟು, ನಾಲ್ಕು, ಎರಡು, ಒಂದು. ಮೂವತ್ತೊಂದು ಪಂದ್ಯಗಳು, ಮೂವತ್ತೊಂದು ಸೋಲುಗಳು. ಸೋಲದೆ ಉಳಿಯುವವನು ಒಬ್ಬನೇ. ಮೊದಲ ಸುತ್ತಿನಲ್ಲಿ ಸೋತವನಿಗೆ ಸ್ವಲ್ಪ ಹಣ ದೊರೆಯುತ್ತದೆ. ನೇರವಾಗಿ ಮುಖ್ಯ ಸುತ್ತಿಗೆ ಬಂದು ಸೋತವನ ಅಂಕ ಸೊನ್ನೆ. ವಿಮಾನದ ವೆಚ್ಚವನ್ನು ಕಳೆದರೆ ಆ ಹಣದಲ್ಲಿ ಉಳಿಯುವುದೇನೆಂದು ವಾಚಕರೇ ಊಹಿಸಿಕೊಳ್ಳಬಹುದು.

ಬೆಂಗಳೂರು ಓಪನ್ ೨೦೧೭ರ ನವೆಂಬರಿನಲ್ಲಿ ಒಂದು ಲಕ್ಷ ಡಾಲರಿನ ಟೂರ್ನಿಯಾಗಿ ನಡೆದಾಗ, ಸಿಂಗಲ್ಸ್ ಗೆದ್ದವರು ಸುಮಿತ್ ನಗಾಲ್. ಹರಿಯಾಣದ ಝಜ್ಜರಿನ ಶಿಕ್ಷಕರೊಬ್ಬರ ಮಗ, ಆಗ ೨೦ ವರ್ಷದ ತರುಣ, ವಿಶ್ವಶ್ರೇಣಿಯಲ್ಲಿ ಮುನ್ನೂರರಾಚೆಗಿದ್ದವರು. ಬಾಲ್ಯದಲ್ಲಿ ಮಹೇಶ್ ಭೂಪತಿ ಅವರ ತರಬೇತಿ ಯೋಜನೆಗೆ ಆಯ್ಕೆಯಾಗಿ ಬೆಳಕಿಗೆ ಬಂದ ಈ ಹುಡುಗ, ೨೦೧೫ರಲ್ಲಿ ವಿಂಬಲ್ಡನ್ ಬಾಲಕರ ಡಬಲ್ಸ್ ಪ್ರಶಸ್ತಿಯನ್ನು ವಿಯೆಟ್ನಾಮಿನ ಜೊತೆಗಾರನೊಡನೆ ಗೆದ್ದಿದ್ದರು. ಆದರೆ ಬಾಲಕರ ಲೋಕದಿಂದ ಗಂಡಸರ ಲೋಕಕ್ಕೆ ದಾಟುವ ಹೊಳೆಯಲ್ಲಿ ಎಷ್ಟೋ ಮಂದಿ ಕೊಚ್ಚಿಹೋಗುತ್ತಾರೆ. ಬೆಂಗಳೂರಿನಲ್ಲಿ ನಗಾಲ್ ಅವರು ಸೆಮಿಫೈನಲ್ಲಿನಲ್ಲಿ ತಮಗಿಂತ ಹಿರಿಯರೂ ಶ್ರೇಣಿಯಲ್ಲಿ ಬಹಳ ಮೇಲಿದ್ದವರೂ ಆದ ಯೂಕಿ ಭಾಂಬ್ರಿ ಅವರನ್ನು ಸೋಲಿಸಿದರು. ಫೈನಲ್ಲಿನಲ್ಲಿ ಎದುರಾದವರು ಬ್ರಿಟನ್ನಿನ ಜೇ ಕ್ಲಾರ್ಕ್. ಮೊದಲ ಸೆಟ್ ೬–೩ರಿಂದ ನಗಾಲ್ ಅವರದು; ಎರಡನೆಯದು ೩–೬ರಿಂದ ಕ್ಲಾರ್ಕ್ ಅವರದು; ಮೂರನೆಯದನ್ನು ನಗಾಲ್ ೬–೨ರಿಂದ ಗೆದ್ದರು. ಅದು ಅವರ ಮೊತ್ತಮೊದಲ ಚಾಲೆಂಜರ್ ಪ್ರಶಸ್ತಿ. ಕೈಗೆ ಬಂದದ್ದು ೧೪,೪೦೦ ಡಾಲರ್ ಮತ್ತು ೧೦೦ ಅಂಕ.

ಕತೆ ಇಲ್ಲಿಗೆ ಮುಗಿದಿದ್ದರೆ ಅದು ಪಾಠಪುಸ್ತಕದ ಕತೆಯಾಗುತ್ತಿತ್ತು. ನಿಜವಾದ ಬಾಳು ಪಾಠಪುಸ್ತಕವನ್ನು ಅನುಸರಿಸುವುದಿಲ್ಲ. ಮರುವರ್ಷ ಆ ನೂರು ಅಂಕಗಳು ಅಳಿಸಿಹೋದವು; ೨೦೧೮ರಲ್ಲಿ ಬೆಂಗಳೂರಿನ ಪ್ರಶಸ್ತಿಯನ್ನು ಅವರು ಉಳಿಸಿಕೊಳ್ಳಲಾಗಲಿಲ್ಲ; ಶ್ರೇಣಿ ಮತ್ತೆ ಮುನ್ನೂರರಾಚೆಗೆ ಇಳಿಯಿತು. ಅದರಾಚೆಯ ವರ್ಷ ಅದೇ ನಗಾಲ್ ಅರ್ಹತಾ ಸುತ್ತುಗಳನ್ನು ದಾಟಿ ಅಮೆರಿಕನ್ ಓಪನ್ನಿನಲ್ಲಿ ರೋಜರ್ ಫೆಡರರ್ ಅವರಿಗೆ ಇದಿರಾಗಿ ನಿಂತು ಮೊದಲ ಸೆಟ್ಟನ್ನು ೬–೪ರಿಂದ ಗೆದ್ದರು. ಉಳಿದ ಮೂರು ಸೆಟ್ಟುಗಳನ್ನು ಸೋತರೆಂಬುದು ಸಹಜ. ಆ ಒಂದು ಸೆಟ್ಟನ್ನು ಗೆದ್ದರೆಂಬುದೇ ಸುದ್ದಿ. ೨೦೨೧ರಲ್ಲಿ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆ, ಮತ್ತೆ ಪತನ, ೨೦೨೩ರಲ್ಲಿ ರೋಮ್ ಮತ್ತು ಟಾಂಪೆರೆ ನಗರಗಳ ಚಾಲೆಂಜರ್ ಟೂರ್ನಿಗಳನ್ನು ಗೆದ್ದು ಮತ್ತೆ ಏರಿಕೆ. ಏಣಿಯಾಟದ ಹಾವುಗಳೂ ಇಷ್ಟು ಉದ್ದವಾಗಿರುವುದಿಲ್ಲ.

ಇಷ್ಟಾದ ಮೇಲೆ, ೨೦೨೩ರ ಸೆಪ್ಟೆಂಬರಿನಲ್ಲಿ, ನಗಾಲ್ ಅವರು ಸುದ್ದಿಸಂಸ್ಥೆಯೊಂದಕ್ಕೆ ಹೇಳಿದ ಒಂದು ಸಂಗತಿ ದೇಶದ ಕ್ರೀಡಾಪ್ರಿಯರನ್ನು ಬೆಚ್ಚಿಬೀಳಿಸಿತು. ತಮ್ಮ ಬ್ಯಾಂಕಿನ ಖಾತೆಯಲ್ಲಿ ಉಳಿದಿರುವುದು ೯೦೦ ಯೂರೋ ಎಂದು ಅವರು ತಿಳಿಸಿದ್ದರು. ನಮ್ಮ ಹಣದಲ್ಲಿ ಸುಮಾರು ೮೦ ಸಾವಿರ ರೂಪಾಯಿ. ಆ ವರ್ಷ ಅಲ್ಲಿಯವರೆಗೆ ೨೪ ಟೂರ್ನಿಗಳನ್ನು ಆಡಿ ಅವರು ಗಳಿಸಿದ್ದುದು ಸುಮಾರು ೬೫ ಲಕ್ಷ ರೂಪಾಯಿ. ವರ್ಷದ ವೆಚ್ಚವಾದರೋ ೮೦ ಲಕ್ಷದಿಂದ ಒಂದು ಕೋಟಿಯವರೆಗೆ. ತರಬೇತುದಾರನ ಸಂಬಳ, ದೇಶದಿಂದ ದೇಶಕ್ಕೆ ಪ್ರಯಾಣ, ವಸತಿ, ಅಂಗಮರ್ದಕನ ಕೂಲಿ ಎಲ್ಲವೂ ಆಟಗಾರನ ತಲೆಯ ಮೇಲೆ. ಆಗ ಅವರು ಸಿಂಗಲ್ಸ್‌ನಲ್ಲಿ ದೇಶಕ್ಕೆ ಮೊದಲಿಗರು. ಲೋಕದಲ್ಲಿ ನೂರ ಅರವತ್ತರೊಳಗಿನವರು.

ಈ ಸಂಖ್ಯೆಯ ಮುಂದೆ ನಾವು ಕೊಂಚ ನಿಲ್ಲಬೇಕು. ಲೋಕದಲ್ಲೆಲ್ಲ ನೂರ ಅರವತ್ತನೆಯ ಸ್ಥಾನದ ಶಸ್ತ್ರವೈದ್ಯನಿಗೆ, ನೂರ ಅರವತ್ತನೆಯ ಸ್ಥಾನದ ನ್ಯಾಯವಾದಿಗೆ ಬಡತನದ ಭಯವುಂಟೆ? ತನ್ನ ವಿದ್ಯೆಯಲ್ಲಿ ಭೂಮಂಡಲದ ಕೋಟ್ಯಂತರ ಜನರ ನಡುವೆ ಅಷ್ಟು ಮೇಲೆ ನಿಂತವನು ಮುಂದಿನ ತಿಂಗಳ ಪ್ರಯಾಣದ ಚೀಟಿಗೆ ಲೆಕ್ಕ ಹಾಕಬೇಕಾಗಿ ಬರುವ ವೃತ್ತಿಗಳು ಎಷ್ಟಿದ್ದಾವು? ಕನ್ನಡದಲ್ಲಿ ಕಾವ್ಯ ಬರೆದು ಬದುಕಬೇಕೆನ್ನುವವನ ಪಾಡು ಬಹುಶಃ ಇದಕ್ಕೆ ಹತ್ತಿರದ್ದು. ಆದರೆ ಕವಿಗೆ ಒಂದು ಕಾಗದ, ಒಂದು ಲೇಖನಿ ಸಾಕು. ಹೊಟ್ಟೆಪಾಡಿಗೆ ಬೇರೊಂದು ಉದ್ಯೋಗ ಮಾಡಿಕೊಂಡೂ ಅವನು ಕವಿಯಾಗಿರಬಲ್ಲ. ಟೆನಿಸ್ ಆಟಗಾರನಿಗೆ ಆ ದಾರಿಯಿಲ್ಲ. ಅವನ ಉಪಕರಣವೆಂದರೆ ಅವನ ದೇಹ. ಅದರ ಬೇಸಾಯದ ಕಾಲ ಹದಿನೈದು ವರ್ಷ ಮಾತ್ರ.

ನೂರನೆಯ ಸ್ಥಾನದ ಆಸುಪಾಸಿನಲ್ಲಿ ಒಂದು ಗೋಡೆಯಿದೆ. ಗ್ರ್ಯಾಂಡ್ ಸ್ಲಾಮ್ ಟೂರ್ನಿಯ ೧೨೮ ಮಂದಿಯಲ್ಲಿ ಶ್ರೇಣಿಯ ಬಲದಿಂದಲೇ ನೇರ ಪ್ರವೇಶ ದೊರೆಯುವುದು ನೂರ ನಾಲ್ಕು ಮಂದಿಗೆ. ೨೦೨೪ರ ಆಸ್ಟ್ರೇಲಿಯನ್ ಓಪನ್ನಿನಲ್ಲಿ ಮೊದಲ ಸುತ್ತಿನಲ್ಲಿಯೇ ಸೋತವರಿಗೆ ದೊರೆತದ್ದು ೧,೨೦,೦೦೦ ಆಸ್ಟ್ರೇಲಿಯನ್ ಡಾಲರ್. ಗೋಡೆಯ ಒಳಗೆ ಸೋತವನಿಗೆ ಇಷ್ಟು. ಗೋಡೆಯ ಹೊರಗೆ ಬೆಂಗಳೂರಿನಲ್ಲಿ ಗೆದ್ದವನಿಗೂ ಅದರ ಸಣ್ಣದೊಂದು ಪಾಲು. ಆ ವರ್ಷ ನಗಾಲ್ ಅವರು ಅರ್ಹತಾ ಸುತ್ತುಗಳಲ್ಲಿ ಮೂರು ಪಂದ್ಯ ಗೆದ್ದು ಮುಖ್ಯ ಸುತ್ತಿಗೆ ಬಂದರು. ಶ್ರೇಯಾಂಕಿತರಾದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ಮೂರು ನೇರ ಸೆಟ್ಟುಗಳಲ್ಲಿ ಸೋಲಿಸಿದರು. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕಿತನೊಬ್ಬನನ್ನು ಭಾರತೀಯನೊಬ್ಬ ಸೋಲಿಸಿದ್ದು ೧೯೮೯ರಲ್ಲಿ ರಮೇಶ್ ಕೃಷ್ಣನ್ ಅವರ ಬಳಿಕ ಅದೇ ಮೊದಲು. ಆ ಒಂದು ಗೆಲುವಿನಿಂದ ಅವರಿಗೆ ೧,೮೦,೦೦೦ ಆಸ್ಟ್ರೇಲಿಯನ್ ಡಾಲರ್ ಬಂದಿತು. ನಾಲ್ಕು ತಿಂಗಳ ಹಿಂದೆ ೯೦೦ ಯೂರೋ, ಇಂದು ಇಷ್ಟು! ಮರುತಿಂಗಳು ಚೆನ್ನೈಯ ಚಾಲೆಂಜರ್ ಗೆದ್ದು ಅವರು ನೂರರೊಳಗೆ ಕಾಲಿಟ್ಟರು. ಜುಲೈಯಲ್ಲಿ ೬೮ನೆಯ ಸ್ಥಾನಕ್ಕೇರಿದರು. ಇದನ್ನು ಅದೃಷ್ಟವೆಂದು ಕರೆಯುವವರುಂಟು. ಅದೃಷ್ಟವೆಂದೇ ಇಟ್ಟುಕೊಂಡರೂ, ಆರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಆ ಮೂರನೆಯ ಸೆಟ್ಟು ಕೈತಪ್ಪಿದ್ದರೆ ಅದೃಷ್ಟ ಹುಡುಕಿಕೊಂಡು ಬರುವ ವಿಳಾಸ ಉಳಿದಿರುತ್ತಿತ್ತೋ ಇಲ್ಲವೋ ಹೇಳಲಾಗದು. ಚಾಲೆಂಜರುಗಳ ಉಪಯೋಗವೇ ಇದು: ಗೋಡೆಯ ಹೊರಗೆ ನಿಂತವನನ್ನು ಇನ್ನೊಂದು ವರ್ಷ ಉಸಿರಾಡುವಂತೆ ಮಾಡುವುದು.

ಇದೇ ಬಗೆಯ ಇನ್ನೊಂದು ಬಾಳು ೨೦೧೮ರ ವಿಜೇತರಾದ ಪ್ರಜ್ಞೇಶ್ ಗುಣೇಶ್ವರನ್ ಅವರದು. ಮೊಣಕಾಲಿನ ನೋವುಗಳಿಂದ ಯೌವನದ ಹಲವು ಅಮೂಲ್ಯ ವರ್ಷಗಳನ್ನು ಕಳೆದುಕೊಂಡ ಅವರು, ಇತರರು ಆಟದ ಶಿಖರದಲ್ಲಿರುವ ವಯಸ್ಸಿನಲ್ಲಿ ಬುಡದಿಂದ ಏರಲು ತೊಡಗಿದರು. ಬೆಂಗಳೂರಿನ ಫೈನಲ್ಲಿನಲ್ಲಿ ತಮ್ಮ ದೇಶದವರೇ ಆದ ಸಾಕೇತ್ ಮೈನೇನಿ ಅವರನ್ನು ೬–೨, ೬–೨ರಿಂದ ಸೋಲಿಸಿದಾಗ ಅವರಿಗೆ ೨೯ ವರ್ಷ ತುಂಬಿ ಕೆಲವೇ ದಿನಗಳಾಗಿದ್ದವು. ಮರುವರ್ಷ ಅವರು ನಾಲ್ಕು ಗ್ರ್ಯಾಂಡ್ ಸ್ಲಾಮ್ ಟೂರ್ನಿಗಳಲ್ಲಿಯೂ ಆಡಿದರು; ವಿಶ್ವದ ೭೫ನೆಯ ಸ್ಥಾನಕ್ಕೆ ಬಂದರು. ತಡವಾಗಿ ಬಂದ ಮಳೆಯೂ ಕೆಲವೊಮ್ಮೆ ಹುರುಳಿಯನ್ನಾದರೂ ಬೆಳೆಸುತ್ತದೆಂಬ ನಮ್ಮ ಸೀಮೆಯ ಅನುಭವಕ್ಕೆ ಅವರ ಬಾಳು ಸಾಕ್ಷಿ.

ಆ ಬಳಿಕ ಬೆಂಗಳೂರಿನ ಸಿಂಗಲ್ಸ್ ಪ್ರಶಸ್ತಿ ೨೦೨೫ರವರೆಗೆ ಹೊರನಾಡಿನವರದೇ ಆಯಿತು. ೨೦೨೦ರಲ್ಲಿ ಆಸ್ಟ್ರೇಲಿಯದ ಜೇಮ್ಸ್ ಡಕ್ವರ್ತ್. ೨೦೨೨ರಲ್ಲಿ ಬೆನ್ನುಬೆನ್ನಿಗೆ ನಡೆದ ಎರಡು ಟೂರ್ನಿಗಳಲ್ಲಿ ತೈವಾನಿನ ಸೆಂಗ್ ಚುನ್-ಶಿನ್ ಮತ್ತು ಆಸ್ಟ್ರೇಲಿಯದ ಅಲೆಕ್ಸಾಂಡರ್ ವುಕಿಕ್. ೨೦೨೩ರಲ್ಲಿ ಅದೇ ದೇಶದ ಮ್ಯಾಕ್ಸ್ ಪರ್ಸೆಲ್. ೨೦೨೪ರಲ್ಲಿ, ಸೆಮಿಫೈನಲ್ಲಿನಲ್ಲಿ ನಗಾಲ್ ಅವರನ್ನು ಮಣಿಸಿ ಮುಂದೆ ಸಾಗಿದ ಇಟಲಿಯ ಸ್ಟೆಫಾನೊ ನಪೊಲಿಟಾನೊ. ೨೦೨೫ರಲ್ಲಿ ಅಮೆರಿಕದ ಬ್ರಾಂಡನ್ ಹೋಲ್ಟ್. ಹೋಲ್ಟ್ ಅವರ ತಾಯಿ ಟ್ರೇಸಿ ಆಸ್ಟಿನ್ ಅವರು ಒಂದು ಕಾಲಕ್ಕೆ ವಿಶ್ವದ ಮೊದಲ ಸ್ಥಾನದಲ್ಲಿದ್ದ ಆಟಗಾರ್ತಿ. ಅಂಥ ತಾಯಿಯ ಮಗನೂ ಬೆಂಗಳೂರಿನ ಬಿಸಿಲಿನಲ್ಲಿ ಬಂದು ಬೆವರಿಳಿಸಬೇಕಾಯಿತೆಂಬುದನ್ನು ಗಮನಿಸಬೇಕು. ಟೆನಿಸ್ಸಿನಲ್ಲಿ ಹಣ ಪಿತ್ರಾರ್ಜಿತವಾಗಿ ಬರಬಹುದು, ಅಂಕ ಬರುವುದಿಲ್ಲ.

ಗೆದ್ದವರ ಹೆಸರನ್ನು ಹೀಗೆ ಒಂದೊಂದು ಸಾಲಿನಲ್ಲಿ ಬರೆದು ಮುಗಿಸಬಹುದು. ಸೋತವರನ್ನು ಏನು ಮಾಡೋಣ? ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಹೊಸದಲ್ಲ. ಚಾಳುಕ್ಯ ಸತ್ಯಾಶ್ರಯನ ಆಸ್ಥಾನಕವಿಯಾದ ರನ್ನನು ಇಬ್ಬರು ವೀರರ ದ್ವಂದ್ವವನ್ನೇ ಕೇಂದ್ರವಾಗಿಟ್ಟುಕೊಂಡು 'ಗದಾಯುದ್ಧ'ವನ್ನು ರಚಿಸಿದನು. ಕಾವ್ಯದ ನಾಯಕ ಗೆಲ್ಲುವ ಭೀಮ. ಆದರೆ ಓದುಗನ ಹೃದಯದಲ್ಲಿ ಉಳಿಯುವವನು ರಣರಂಗದ ಹೆಣಗಳ ನಡುವೆ ತನ್ನವರನ್ನು ಹುಡುಕುತ್ತ ಒಬ್ಬನೇ ನಡೆಯುವ ದುರ್ಯೋಧನ. ಗೆದ್ದವನಿಗೆ ರಾಜ್ಯ ದೊರೆಯಿತು. ಸೋತವನಿಗೆ ಕವಿಯ ಕರುಣೆ ದೊರೆಯಿತು. ಸಾವಿರ ವರ್ಷಗಳ ಬಳಿಕ ಯಾವುದು ದೊಡ್ಡದೆಂದು ಹೇಳುವುದು ಕಷ್ಟ. ಟೆನಿಸ್ ಅಂಕಣದಲ್ಲಿ ದುರ್ಯೋಧನರಿಲ್ಲ, ನಿಜ; ಸೋತವನು ಕೆಟ್ಟವನಲ್ಲ, ಗೆದ್ದವನು ಧರ್ಮಾತ್ಮನೂ ಅಲ್ಲ. ಕೊನೆಯಲ್ಲಿ ಇಬ್ಬರೂ ಬಲೆಯ ಬಳಿಗೆ ಬಂದು ಕೈಕುಲುಕುತ್ತಾರೆ. ಆ ಕೈಕುಲುಕುವಿಕೆಯಲ್ಲಿ ಒಂದು ಸಭ್ಯತೆಯಿದೆ. ಇನ್ನು ಕೆಲವು ದಿನಗಳಲ್ಲಿ ಮತ್ತೊಂದು ಊರಿನಲ್ಲಿ ಇದೇ ಇಬ್ಬರು ಇದಿರುಬದಿರಾಗಬಹುದೆಂಬ ಅರಿವಿದೆ. ವಾರವಾರವೂ ಸೋಲುತ್ತ, ಸೋತ ಮರುದಿನ ಬೆಳಿಗ್ಗೆ ಎದ್ದು ಮತ್ತೆ ಅಭ್ಯಾಸಕ್ಕೆ ಹೋಗುವುದು ವೃತ್ತಿಪರನ ದಿನಚರಿ. ಒಂದು ಪರೀಕ್ಷೆಯಲ್ಲಿ ಅಂಕ ಕಡಿಮೆಯಾಯಿತೆಂದು ಬಾಳೇ ಮುಗಿಯಿತೆಂದುಕೊಳ್ಳುವ ನಮ್ಮ ವಿದ್ಯಾರ್ಥಿಗಳು ಚಾಂಪಿಯನ್ನನ ಭಾವಚಿತ್ರಕ್ಕಿಂತ, ಮೊದಲ ಸುತ್ತಿನಲ್ಲಿ ಸೋತು ಚೀಲ ಹೆಗಲಿಗೇರಿಸಿಕೊಂಡು ಹೊರಡುವವನನ್ನು ಒಮ್ಮೆ ನೋಡುವುದು ಮೇಲು.

೨೦೨೦ರ ಬೆಂಗಳೂರು ಓಪನ್ನಿನಲ್ಲಿ ಇನ್ನೊಂದು ದೃಶ್ಯ ಕಂಡಿತು. ಡಬಲ್ಸ್ ಫೈನಲ್ಲಿನಲ್ಲಿ ೪೬ ವರ್ಷದ ಲಿಯಾಂಡರ್ ಪೇಸ್ ಅವರು ಎಬ್ಡೆನ್ ಅವರೊಡನೆ ಆಡಿ, ಪೂರವ್ ರಾಜಾ ಮತ್ತು ರಾಮ್‌ಕುಮಾರ್ ರಾಮನಾಥನ್ ಜೋಡಿಗೆ ೦–೬, ೩–೬ರಿಂದ ಸೋತರು. ತಾಯ್ನಾಡಿನ ಟೂರ್ನಿಗಳಿಗೆ ಪೇಸ್ ಅವರು ವಿದಾಯ ಹೇಳಲು ಬಂದಿದ್ದ ಸಂದರ್ಭವದು. ೧೯೯೬ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಸಿಂಗಲ್ಸ್ ಕಂಚಿನ ಪದಕವನ್ನು ದೇಶಕ್ಕೆ ತಂದವರು ಅವರೇ. ಅಂಥವರನ್ನು ಕಿರಿಯರು ಮುಲಾಜಿಲ್ಲದೆ ಸೋಲಿಸಿದರು. ಆಟದಲ್ಲಿ ಹಿರಿಯರಿಗೆ ತೋರಬಹುದಾದ ದೊಡ್ಡ ಗೌರವವೆಂದರೆ ಅವರೆದುರಿಗೆ ಪೂರ್ಣ ಶಕ್ತಿಯಿಂದ ಆಡುವುದೇ.

ಇನ್ನು ನಮ್ಮ ಜಿಲ್ಲೆಯ ಮಾತು. ಡಿ. ವಿ. ಗುಂಡಪ್ಪನವರನ್ನು ಹೆತ್ತ ಮುಳಬಾಗಿಲು, ಮಾಸ್ತಿಯವರನ್ನು ಕೊಟ್ಟ ಮಾಲೂರು ಸೀಮೆ, ಮಾವಿನ ತೋಪುಗಳ ಶ್ರೀನಿವಾಸಪುರ, ಇವೆಲ್ಲ ಕೋಲಾರದ ಹೆಮ್ಮೆಗಳು. ಚಿನ್ನದ ಗಣಿಯಲ್ಲಿ ಇಂಗ್ಲಿಷರ ಆಡಳಿತವಿದ್ದಾಗ ಅಧಿಕಾರಿಗಳಿಗೆ ಬಂಗಲೆ, ಕ್ಲಬ್ಬು, ಆಟದ ಸೌಕರ್ಯಗಳೆಲ್ಲ ಇದ್ದವು. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿಯೇ ಅಲ್ಲಿಗೆ ಹರಿದಿತ್ತು. ಗಣಿಯಾಳದಲ್ಲಿ ದುಡಿದವರ ಮಕ್ಕಳಿಗೆ ಆ ಆಟಗಳು ಬೇಲಿಯ ಆಚೆಯ ನೋಟಗಳಾಗಿಯೇ ಉಳಿದವು. ೨೦೦೧ರಲ್ಲಿ ಗಣಿಯೇ ಮುಚ್ಚಿತು. ಚಿನ್ನ ಹೋಯಿತು, ಬೇಲಿ ಮಾತ್ರ ಬೇರೆ ರೂಪದಲ್ಲಿ ಉಳಿದಿದೆ. ಇಂದು ಆ ಬೇಲಿಯ ಹೆಸರು ವೆಚ್ಚ. ಒಂದು ಒಳ್ಳೆಯ ರ‍್ಯಾಕೆಟ್ಟಿನ ಬೆಲೆಯಲ್ಲಿ ಒಂದು ಹಳ್ಳಿಯ ಶಾಲೆಗೆ ವರ್ಷಕ್ಕಾಗುವಷ್ಟು ವಾಲಿಬಾಲ್ ಚೆಂಡುಗಳನ್ನು ಕೊಳ್ಳಬಹುದೆಂದು ವ್ಯಾಯಾಮ ಶಿಕ್ಷಕರು ಹೇಳಿದರೆ ಅವರನ್ನು ದೂರುವಂತಿಲ್ಲ.

ಆದರೂ ಒಂದು ಮಾತನ್ನು ಮರೆಯಬಾರದು. ದಕ್ಷಿಣ ಭಾರತದಲ್ಲಿ ಒಂದು ಕಾಲಕ್ಕೆ ಮಣ್ಣನ್ನು ದಮ್ಮಸು ಮಾಡಿ, ಸಗಣಿ ಸಾರಿಸಿ ಗಟ್ಟಿಗೊಳಿಸಿದ ಅಂಕಣಗಳಲ್ಲಿಯೂ ಟೆನಿಸ್ ಆಡುತ್ತಿದ್ದರು. ಸುಗ್ಗಿಯ ಮುಂಚೆ ರಾಗಿಯ ಕಣವನ್ನು ಸಿದ್ಧಮಾಡುವ ಹೆಣ್ಣುಮಕ್ಕಳಿಗೆ ಆ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಕನ್ನಡದಲ್ಲಿ 'ಕಣ'ವೆಂದರೆ ಬೆಳೆಯನ್ನು ತುಳಿಸಿ ಕಾಳನ್ನೂ ಹೊಟ್ಟನ್ನೂ ಬೇರ್ಪಡಿಸುವ ಜಾಗ. ಹೋರಾಡುವ ಜಾಗವೂ ಕಣವೇ. ಎಪ್ಪತ್ತೆಂಟು ಅಡಿ ಉದ್ದದ ಒಂದು ಕಣ, ಒಂದು ಬಲೆ, ವಿದ್ಯೆ ಬಲ್ಲ ಒಬ್ಬ ಗುರು: ಹೋಬಳಿಗೊಂದು ಇಷ್ಟಿದ್ದರೆ, ನೂರು ಮಕ್ಕಳಲ್ಲಿ ಯಾವ ಕಾಳು ಗಟ್ಟಿಯೆಂಬುದು ತಿಳಿದೀತು. ತೂರುವ ಮುನ್ನವೇ ಈ ರಾಶಿಯಲ್ಲಿ ಕಾಳಿಲ್ಲವೆಂದು ತೀರ್ಮಾನಿಸುವುದು ಒಕ್ಕಲುತನವಲ್ಲ.

ಎಲ್ಲ ಮಕ್ಕಳೂ ವೃತ್ತಿಪರರಾಗಲೆಂದು ಹೇಳುತ್ತಿಲ್ಲ. ಆ ವೃತ್ತಿಯ ಕಷ್ಟವನ್ನು ಮೇಲೆಯೇ ವಿವರಿಸಿದ್ದಾಯಿತು. ವಿಶ್ವದ ಮೊದಲ ೨೫೦ ಸಿಂಗಲ್ಸ್ ಆಟಗಾರರಿಗೆ ವರ್ಷಕ್ಕೊಂದು ಕನಿಷ್ಠ ಆದಾಯದ ಭರವಸೆಯನ್ನು ಎಟಿಪಿ ಸಂಸ್ಥೆ ೨೦೨೪ರಿಂದ ಕೊಡತೊಡಗಿತು. ನೂರರೊಳಗಿನವರಿಗೆ ೩ ಲಕ್ಷ ಡಾಲರ್, ೧೭೫ರವರೆಗಿನವರಿಗೆ ಒಂದೂವರೆ ಲಕ್ಷ, ೨೫೦ರವರೆಗಿನವರಿಗೆ ೭೫ ಸಾವಿರ ಎಂದು ಮೊದಲ ವರ್ಷದ ಮಿತಿ. ಬೆಳೆಗೆ ಬೆಂಬಲ ಬೆಲೆಯಂತೆ ಇದೊಂದು ನ್ಯಾಯದ ಹೆಜ್ಜೆ. ಆದರೆ ೨೫೧ನೆಯವನಿಗೆ ಅದು ದೊರೆಯದು; ಹುತ್ತೂರಿನ ಬಯಲಿನಲ್ಲಿ ಆ ಚೆಂಡನ್ನು ಹೊಡೆಯುತ್ತಿರುವವನಿಗಂತೂ ಅದರ ಸುದ್ದಿಯೂ ತಲಪದು. ಅವನಿಗೆ ಬೇಕಾದದ್ದು ಡಾಲರಲ್ಲ. ಆ ಚೆಂಡನ್ನು ಅದರ ನಿಜವಾದ ಆಟದಲ್ಲಿ ಒಮ್ಮೆ ಹೊಡೆದು ನೋಡುವ ಅವಕಾಶ.

ಬೆಂಗಳೂರು ಓಪನ್ ಮತ್ತೆ ನಡೆಯುವಾಗ ನಮ್ಮ ಶಾಲಾಕಾಲೇಜುಗಳ ಅಧ್ಯಾಪಕರು ಒಂದು ದಿನದ ಮಟ್ಟಿಗೆ ಮಕ್ಕಳನ್ನು ಕಬ್ಬನ್ ಉದ್ಯಾನಕ್ಕೆ ಕರೆದೊಯ್ಯುವುದು ಒಳ್ಳೆಯದು. ಫೈನಲ್ಲಿನ ದಿನವೇ ಆಗಬೇಕೆಂದಿಲ್ಲ. ಟೂರ್ನಿಯ ಮೊದಲ ದಿನಗಳೇ ಮೇಲು. ಹೆಸರು ಕೇಳದ ಇಬ್ಬರು ತರುಣರು, ಖಾಲಿ ಕುರ್ಚಿಗಳ ಮುಂದೆ, ಲೋಕವೇ ನೋಡುತ್ತಿದೆಯೇನೋ ಎಂಬಷ್ಟು ನಿಷ್ಠೆಯಿಂದ ಆಡುತ್ತಿರುತ್ತಾರೆ. ಯಾರೂ ನೋಡದಿರುವಾಗಲೂ ಕೆಲಸವನ್ನು ಚೆನ್ನಾಗಿ ಮಾಡುವುದೆಂದರೇನೆಂದು ತರಗತಿಯಲ್ಲಿ ಎಷ್ಟು ಗಂಟೆ ಉಪದೇಶಿಸಿದರೂ ತಿಳಿಯದ್ದು ಅಲ್ಲಿ ಅರ್ಧಗಂಟೆಯಲ್ಲಿ ತಿಳಿಯುತ್ತದೆ.